ವಿಡಿಯೊ ರೆಂಡರ್ ಮಾಡುವಾಗ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿದೆ: ಕೂಲರ್ ಬದಲಿಸಬೇಕೇ?

ಬಡಗುತಿಟ್ಟು (ಉಡುಪಿ):

ಎಲ್ಲರಿಗೂ ನಮಸ್ಕಾರ. ಯಕ್ಷಗಾನ ಪ್ರದರ್ಶನಗಳನ್ನು ಚಿತ್ರೀಕರಿಸಿ ಸಂಕಲನ ಮಾಡುವುದು ನನ್ನ ಹವ್ಯಾಸ. ಮೇಳಗಳ ತಿರುಗಾಟ ಮೇ ತಿಂಗಳವರೆಗೂ ಇರುವುದರಿಂದ ಕಂಪ್ಯೂಟರಿಗೆ ಹೆಚ್ಚು ಕೆಲಸ ಬೀಳುವುದೂ ಕಡು ಸೆಕೆಯ ಈ ದಿನಗಳಲ್ಲೇ. ನನ್ನ ಡೆಸ್ಕ್‌ಟಾಪಿಗೆ ಐದು ವರ್ಷವಾಗಿದೆ. ಆರು ಕೋರ್‌ಗಳ 65 ವಾಟ್ ಪ್ರೊಸೆಸರ್. ಅದರ ಜೊತೆಗೇ ಬಂದ, ನಾಲ್ಕು ಮೂಲೆಗಳಲ್ಲಿ ಒತ್ತಿ ಕೂರಿಸುವ ಪಿನ್‌ಗಳಿರುವ ಕೂಲರನ್ನೇ (ಪ್ರೊಸೆಸರನ್ನು ತಣಿಸುವ ಲೋಹದ ರೆಕ್ಕೆಗಳು ಮತ್ತು ಫ್ಯಾನ್) ಇಂದಿಗೂ ಬಳಸುತ್ತಿದ್ದೇನೆ.

ಕಳೆದ ತಿಂಗಳು ಕೂಲರನ್ನು ಕಳಚಿ, ಅದರೊಳಗೆ ಕಟ್ಟಿಕೊಂಡಿದ್ದ ಕೆಂಪು ಧೂಳನ್ನೆಲ್ಲ ತೆಗೆದು, ಮತ್ತೆ ಕೂರಿಸಿದೆ. ಅಂದಿನಿಂದ ಕೆಲಸವಿಲ್ಲದೆ ಸುಮ್ಮನಿರುವಾಗಲೂ ತಾಪಮಾನ 60 ಡಿಗ್ರಿ ಇರುತ್ತದೆ. ರೆಂಡರ್ (ಸಂಕಲನ ಮಾಡಿದ್ದನ್ನು ಅಂತಿಮ ವಿಡಿಯೊ ಕಡತವಾಗಿಸುವ ಕೆಲಸ) ಆರಂಭಿಸಿದ ನಾಲ್ಕೈದು ಸೆಕೆಂಡುಗಳಲ್ಲಿ 100ಕ್ಕೆ ಏರಿ, ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇಡೀ ರಾತ್ರಿಯ ಆಟದ ಕಡತವಾದರೆ ಎರಡು ಸಲ ಕಂಪ್ಯೂಟರ್ ತಾನಾಗಿ ಆಫ್ ಆಗಿದೆ. ಅಂಗಡಿಯವರೊಬ್ಬರು ದೊಡ್ಡ ಕೂಲರ್ ಹಾಕಿಸಲು ಹೇಳಿದರು. ಅದು ನಿಜಕ್ಕೂ ಅಗತ್ಯವೇ, ಅಥವಾ ನಮ್ಮ ಕರಾವಳಿಯ ಸೆಕೆಯೇ ಇದಕ್ಕೆ ಕಾರಣವೇ?

ಮುರಕಲ್ಲು (ಮಂಗಳೂರು):

ಕೂಲರಿಗೆ ಹಣ ಹಾಕುವ ಮೊದಲು ನೀವೇ ಬರೆದಿರುವ ಒಂದು ವಿವರವನ್ನು ಗಮನಿಸಿ: ತಾಪಮಾನ 100ಕ್ಕೆ ಏರಲು ಹಿಡಿದದ್ದು ನಾಲ್ಕೈದು ಸೆಕೆಂಡು. ಧೂಳು ಕಟ್ಟಿದ್ದರೆ ಅಥವಾ ಕ್ಯಾಬಿನೆಟ್ಟಿನಲ್ಲಿ ಗಾಳಿಯಾಡದಿದ್ದರೆ ಶಾಖ ಮೊದಲು ಕೂಲರಿನ ಲೋಹಕ್ಕೆ ಹೋಗಿ, ಲೋಹ ನಿಧಾನವಾಗಿ ಕಾದು, ಹತ್ತು ಹದಿನೈದು ನಿಮಿಷಗಳಲ್ಲಿ ತಾಪಮಾನ ಮೇಲಕ್ಕೆ ಬರುತ್ತದೆ. ಸೆಕೆಂಡುಗಳಲ್ಲೇ ನೆಗೆಯುತ್ತಿದೆ ಎಂದರೆ ಶಾಖ ಪ್ರೊಸೆಸರಿನಿಂದ ಕೂಲರಿಗೆ ದಾಟುತ್ತಲೇ ಇಲ್ಲ. ಆಗ ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಮುಟ್ಟಿ ನೋಡಿದರೆ ಅವು ಅಷ್ಟೇನೂ ಬಿಸಿಯಾಗಿರುವುದಿಲ್ಲ.

ಮತ್ತೆ ಕೂರಿಸುವಾಗ ಹೊಸ ಥರ್ಮಲ್ ಪೇಸ್ಟ್ ಹಚ್ಚಿದಿರಾ ಎಂಬುದನ್ನು ನೀವು ಬರೆದಿಲ್ಲ. ಎರಡು ಲೋಹದ ಮೇಲ್ಮೈಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ಗಾಳಿಯ ಎಡೆಗಳು ಉಳಿದಿರುತ್ತವೆ, ಮತ್ತು ಶಾಖವನ್ನು ಸಾಗಿಸುವುದರಲ್ಲಿ ಗಾಳಿ ಅಲ್ಯೂಮಿನಿಯಂಗಿಂತ ಸಾವಿರಾರು ಪಟ್ಟು ಹಿಂದೆ. ಆ ಎಡೆಗಳನ್ನು ತುಂಬುವುದೊಂದೇ ಪೇಸ್ಟಿನ ಕೆಲಸ. ಐದು ವರ್ಷ ಒಣಗಿದ ಪೇಸ್ಟನ್ನು ಒಮ್ಮೆ ಬಿಡಿಸಿದ ಮೇಲೆ ಅದು ಮತ್ತೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೂಲು ಬಿಡದ ಬಟ್ಟೆಯನ್ನು ಅದ್ದಿ ಎರಡೂ ಮೇಲ್ಮೈಗಳನ್ನು ಪೂರ್ತಿ ಒರೆಸಿ, ಆರಲು ಬಿಟ್ಟು, ಹೆಸರುಕಾಳಿಗಿಂತ ಕೊಂಚ ದೊಡ್ಡದಾದ ಒಂದೇ ಬಿಂದುವನ್ನು ಪ್ರೊಸೆಸರಿನ ನಡುವೆ ಇಡಿ. ಕೂಲರಿನ ಒತ್ತಡಕ್ಕೆ ಅದು ತಾನಾಗಿ ಹರಡುತ್ತದೆ.

ಆದರೂ ನನಗೆ ಹೆಚ್ಚು ಸಂಶಯವಿರುವುದು ಪಿನ್‌ಗಳ ಮೇಲೆ. ಮೂರು ಪಿನ್ ಕಚ್ಚಿಕೊಂಡು ಒಂದು ಸಡಿಲವಾಗಿದ್ದರೂ ಮೇಲಿನಿಂದ ನೋಡುವಾಗ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ, ಆದರೆ ಕೂಲರ್ ಒಂದು ಬದಿಗೆ ಎದ್ದಿರುತ್ತದೆ. ಪಿನ್ನಿನ ತಲೆಯನ್ನು ಬಾಣದ ಗುರುತಿನ ದಿಕ್ಕಿಗೆ ತಿರುಗಿಸಿದರೆ ಅದು ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಕೂರಿಸುವ ಮೊದಲು ನಾಲ್ಕನ್ನೂ ಅದರ ವಿರುದ್ಧ ದಿಕ್ಕಿಗೆ ಪೂರ್ತಿ ತಿರುಗಿಸಿಡಬೇಕು. ಬಳಿಕ ಎದುರುಬದುರು ಮೂಲೆಗಳ ಎರಡೆರಡು ಪಿನ್‌ಗಳನ್ನು ಒಟ್ಟಿಗೆ, ಟಕ್ಕೆಂಬ ಸದ್ದು ಕೇಳುವವರೆಗೆ ಒತ್ತಿ. ದಯವಿಟ್ಟು ಮದರ್‌ಬೋರ್ಡನ್ನು ಹೊರಗೆ ತೆಗೆದೇ ಇದನ್ನು ಮಾಡಿ, ಏಕೆಂದರೆ ಹಿಂಬದಿಯಲ್ಲಿ ನಾಲ್ಕೂ ಪಿನ್‌ಗಳ ಬಿಳಿ ಕಾಲುಗಳು ಅಗಲಿ ನಡುವಿನ ಕಪ್ಪು ಕಡ್ಡಿ ಕಾಣಿಸುವುದನ್ನು ಕಣ್ಣಾರೆ ನೋಡಿದರೆ ಮಾತ್ರ ನಂಬಬಹುದು.

ಕಡಲತಡಿ (ಮಣಿಪಾಲ):

ಮೇಲಿನ ಸಲಹೆಯನ್ನು ನಾನೂ ಒಪ್ಪುತ್ತೇನೆ. ಸೆಕೆಯ ಬಗ್ಗೆ ಕೇಳಿದ್ದೀರಿ: ಕೋಣೆಯ ತಾಪಮಾನ ಎಷ್ಟು ಏರುತ್ತದೆಯೋ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಏರ್ ಕಂಡೀಷನರ್ ಇರುವ 24 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಕಂಪ್ಯೂಟರ್ ನಮ್ಮ 33 ಡಿಗ್ರಿಯ ಕೋಣೆಯಲ್ಲಿ 80ರ ಹತ್ತಿರ ತೋರಿಸಿದರೆ ಅದರಲ್ಲಿ ದೋಷವೇನೂ ಇಲ್ಲ. ಗಾಳಿಯ ತೇವಾಂಶ ಕೂಲರಿನ ಸಾಮರ್ಥ್ಯವನ್ನು ಕುಗ್ಗಿಸುವುದಿಲ್ಲ. ಅದು ಕಾಡುವುದು ಬೇರೆ ರೀತಿಯಲ್ಲಿ: ಧೂಳಿಗೆ ತೇವ ಸೇರಿದರೆ ರೆಕ್ಕೆಗಳ ನಡುವೆ ಕಂಬಳಿಯಂತೆ ಗಟ್ಟಿಯಾಗಿ ಕೂರುತ್ತದೆ, ಕಡಲಿಗೆ ಹತ್ತಿರದ ಮನೆಗಳಲ್ಲಿ ಉಪ್ಪಿನ ಗಾಳಿಗೆ ಸ್ಕ್ರೂಗಳೂ ತುಕ್ಕು ಹಿಡಿಯುತ್ತವೆ. ಹಾಗಾಗಿ ಮಳೆಗಾಲ ಹಿಡಿಯುವ ಮೊದಲೊಮ್ಮೆ ಬ್ಲೋವರಿನಿಂದ ಧೂಳು ಹೊಡೆಯುವುದು ಒಳ್ಳೆಯದು; ಆಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು.

ಇನ್ನೊಂದು ವಿಷಯ. 65 ವಾಟ್ ಎಂಬುದು ಪ್ರೊಸೆಸರಿನ ಮೂಲ ವೇಗದ ಲೆಕ್ಕ. ಎಲ್ಲ ಕೋರ್‌ಗಳೂ ಟರ್ಬೊ ವೇಗದಲ್ಲಿ, ಅಂದರೆ ಮೂಲ ವೇಗವನ್ನು ಮೀರಿ ಓಡುವಾಗ ಅದು ಇದಕ್ಕಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ, ಕೆಲವು ಮದರ್‌ಬೋರ್ಡುಗಳು ಎಷ್ಟು ವಿದ್ಯುತ್ ಎಳೆಯಬಹುದೆಂಬ ಮಿತಿಯನ್ನು ಸಡಿಲವಾಗಿಯೇ ಬಿಟ್ಟಿರುತ್ತವೆ. ಬಯೋಸ್‌ನಲ್ಲಿ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪರದೆ) ದೀರ್ಘಾವಧಿಯ ವಿದ್ಯುತ್ ಮಿತಿಯನ್ನು 65 ವಾಟ್‌ಗೆ ನಿಲ್ಲಿಸಿದರೆ ರೆಂಡರ್ ಸ್ವಲ್ಪ ತಡವಾಗುತ್ತದೆ, ಆದರೆ ರಾತ್ರಿಯಿಡೀ ನಡೆಯುವ ಕೆಲಸಕ್ಕೆ ಆ ತಡವಿಗಿಂತ ನಡುವೆ ನಿಲ್ಲದಿರುವುದೇ ಮುಖ್ಯವೆಂದು ನನ್ನ ಭಾವನೆ.

ಬಡಗುತಿಟ್ಟು (ಉಡುಪಿ):

ಇಬ್ಬರಿಗೂ ಕೃತಜ್ಞತೆಗಳು. ಹೊಸ ಪೇಸ್ಟ್ ಹಚ್ಚಿರಲಿಲ್ಲ, ಅದು ನನ್ನದೇ ತಪ್ಪು. ಮದರ್‌ಬೋರ್ಡನ್ನು ಹೊರತೆಗೆದು ನೋಡಿದರೆ ರ್‍ಯಾಮ್ ಕಡೆಯ ಒಂದು ಪಿನ್ ತೂತಿನೊಳಗೆ ಹೋಗಿರಲೇ ಇಲ್ಲ. ಒರೆಸಿ, ಪೇಸ್ಟ್ ಇಟ್ಟು, ನೀವು ಹೇಳಿದ ಕ್ರಮದಲ್ಲೇ ಕೂರಿಸಿದ್ದೇನೆ. 33 ಡಿಗ್ರಿಯ ಕೋಣೆಯಲ್ಲಿ ಈಗ ಸುಮ್ಮನಿರುವಾಗ 44, ಒಂದು ಗಂಟೆ ರೆಂಡರ್ ಮಾಡಿದ ಮೇಲೆ 82. ವಿದ್ಯುತ್ ಮಿತಿಯನ್ನು 65ಕ್ಕೆ ಇಳಿಸಿದ ನಂತರ 75 ದಾಟಿಲ್ಲ. ಆದರೆ ಅದೇ ಪಿನ್ನಿನ ಬಿಳಿ ಕಾಲಿನಲ್ಲಿ ಸಣ್ಣ ಸೀಳು ಕಾಣುತ್ತಿದೆ. ಹಾಗೆಯೇ ಬಳಸಬಹುದೇ?

ಮುರಕಲ್ಲು (ಮಂಗಳೂರು):

ಬಹಳ ದಿನ ಬೇಡ. ಶಾಖಕ್ಕೆ ಆ ಪ್ಲಾಸ್ಟಿಕ್ ಇನ್ನಷ್ಟು ಸೀಳಿ, ಒಂದು ದಿನ ಪಿನ್ ಮತ್ತೆ ಕಳಚಿಕೊಳ್ಳಬಹುದು. ಈ ಪಿನ್‌ಗಳು ಬಿಡಿಯಾಗಿ ನಾಲ್ಕರ ಜೊತೆಯಾಗಿ ಸಿಗುತ್ತವೆ, ಕೂಲರ್ ಬದಲಿಸಬೇಕಾಗಿಲ್ಲ. ಅವು ಕೈಸೇರುವವರೆಗೆ ಕಂಪ್ಯೂಟರನ್ನು ಅಲುಗಾಡಿಸದೆ, ರೆಂಡರಿಗೆ ಹಚ್ಚುವ ಮೊದಲು ಸುಮ್ಮನಿರುವಾಗಿನ ತಾಪಮಾನ 44ರ ಆಸುಪಾಸಿನಲ್ಲೇ ಇದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಿ.