ಗುಡ್ಡದ ಹೂಗಿಡಗಳನ್ನು ಮನೆಯಂಗಳದಲ್ಲಿ ಬೆಳೆಸುವುದು ಹೇಗೆ? ಗಡ್ಡೆ ಕಿತ್ತು ತರಬಹುದೇ?

ಪ್ರಶ್ನೆ: ಕೊಪ್ಪಳದ ಹೊಸಮನೆ

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹೊರವಲಯದಲ್ಲಿ ನಮ್ಮ ಮನೆಯಿದ್ದು, ಅದರ ಪಕ್ಕದ ಖಾಲಿ ನಿವೇಶನವೂ ನಮ್ಮದೇ ಆಗಿದೆ. ನೆಲ ಗರಸು ಬೆರೆತ ಮಸಾರಿ, ಅಂದರೆ ಕೆಂಪು ಮಣ್ಣು. ಗುಲಾಬಿ, ದಾಸವಾಳಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಬೇಕಾಗುವುದರಿಂದ, ಈ ಭಾಗದ ಗುಡ್ಡ ಮತ್ತು ಮರಡಿಗಳಲ್ಲಿ ಮಳೆಯ ನೀರಿನಿಂದಲೇ ಹೂ ಬಿಡುವ ತಂಗಡಿ, ತುಂಬೆ, ವಿಷ್ಣುಕ್ರಾಂತಿ, ಗೌರಿ ಹೂವುಗಳನ್ನೇ ಆ ನಿವೇಶನದಲ್ಲಿ ಬೆಳೆಸಬೇಕೆಂದಿದ್ದೇನೆ. ಆನ್‌ಲೈನ್‌ನಲ್ಲಿ ಮಾರುವ ‘ಕಾಡುಹೂವಿನ ಬೀಜ ಮಿಶ್ರಣ’ದ ಪೊಟ್ಟಣಗಳನ್ನು ಕೊಳ್ಳುವುದು ಒಳ್ಳೆಯದೇ? ಗೌರಿ ಹೂವಿನ ಗಡ್ಡೆಗಳನ್ನು ಗುಡ್ಡದಿಂದ ಅಗೆದು ತಂದರೆ ತಪ್ಪಾಗುತ್ತದೆಯೇ? ಮಣ್ಣಿಗೆ ಎಷ್ಟು ಗೊಬ್ಬರ ಸೇರಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಗಂಗಾವತಿಯ ಬಂಡೆಗಲ್ಲು

ಪೊಟ್ಟಣವನ್ನು ಕೊಳ್ಳುವ ಮುನ್ನ ಅದರ ಹಿಂಬದಿಯಲ್ಲಿರುವ ಹೆಸರುಗಳನ್ನು ಓದಿ. ಇಂತಹ ಮಿಶ್ರಣಗಳಲ್ಲಿ ಸಾಮಾನ್ಯವಾಗಿ ಇರುವ ಕಾಸ್ಮಾಸ್, ಜಿನ್ನಿಯಾ ಮೊದಲಾದವು ಮೆಕ್ಸಿಕೊ ಕಡೆಯ ಹೂವುಗಳು. (ನಮ್ಮ ಹಬ್ಬಗಳ ಚೆಂಡು ಹೂವೂ ಅಲ್ಲಿಂದಲೇ ಬಂದದ್ದು, ಅದನ್ನು ಯಾರೂ ಹೊರಗೆ ಹಾಕಬೇಕಾಗಿಲ್ಲ.) ಆದರೆ ಗುಡ್ಡದ ಗಿಡಗಳೇ ಬೇಕೆನ್ನುವವರಿಗೆ ಆ ಪೊಟ್ಟಣದಿಂದ ಉಪಯೋಗವಿಲ್ಲ.

ಗೊಬ್ಬರ ಬೇಡವೇ ಬೇಡ. ಈ ಗಿಡಗಳು ಬಡ ನೆಲಕ್ಕೆ ಹೊಂದಿಕೊಂಡವು. ಕೆರೆಯ ಗೋಡು, ತಿಪ್ಪೆಗೊಬ್ಬರ ತಂದು ಹಾಕಿ ದಿನವೂ ನೀರು ಬಿಟ್ಟರೆ ಮೊದಲು ಎದ್ದು ನಿಲ್ಲುವುದು ಕಾಂಗ್ರೆಸ್ ಕಸವೇ ಹೊರತು ವಿಷ್ಣುಕ್ರಾಂತಿಯಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ನಮ್ಮ ಸೀಮೆಯ ಗರಸಿನಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಇವಕ್ಕೆ ಬೇಕಾಗಿರುವುದೂ ಅದೇ.

ತಂಗಡಿಯ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿನ ಬಿಸಿ ಸ್ವಲ್ಪ ಆರಿದ ಮೇಲೆ ಬೀಜವನ್ನು ಅದರಲ್ಲಿ ಹಾಕಿ, ರಾತ್ರಿಯಿಡೀ ನೆನೆಸಿ, ಉಬ್ಬಿದ ಬೀಜಗಳನ್ನಷ್ಟೇ ಬಿತ್ತಿ. ಉಬ್ಬದಿದ್ದವನ್ನು ಒರಟು ಕಲ್ಲಿನ ಮೇಲೆ ಮೆಲ್ಲಗೆ ಉಜ್ಜಿ ಮತ್ತೆ ನೆನೆಸಬಹುದು. ಬೇರು ಬೇಗನೆ ಆಳಕ್ಕೆ ಇಳಿಯುವುದರಿಂದ ಕುಂಡದಲ್ಲಿ ಬೆಳೆಸಿ ಕೀಳುವುದಕ್ಕಿಂತ, ಮಿರಗದ (ಮೃಗಶಿರ) ಮಳೆ ಬಿದ್ದ ಕೂಡಲೇ ನೇರವಾಗಿ ನೆಲಕ್ಕೆ ಹಾಕುವುದು ಲೇಸು. ತಂಗಡಿ ಹೂವಿನಲ್ಲಿ ಮಕರಂದವಿಲ್ಲ, ಪರಾಗವಷ್ಟೇ ಇದೆ. ದೊಡ್ಡ ಕಪ್ಪು ದುಂಬಿಗಳು ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಗುಂಯ್ಗುಟ್ಟಿಸಿ ಆ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಎಲೆಗಳಲ್ಲಿ ತೂತು ಕಂಡರೆ ಔಷಧಿ ಹೊಡೆಯಬೇಡಿ, ಅದನ್ನು ತಿನ್ನುತ್ತಿರುವುದು ತಿಳಿಹಸಿರು ಬಣ್ಣದ ಚಿಟ್ಟೆಗಳ ಹುಳುಗಳಾಗಿರುವ ಸಾಧ್ಯತೆಯೇ ಹೆಚ್ಚು. ತುಂಬೆಯ ಒಣಗಿದ ತೆನೆಗಳನ್ನು ನೆಲದ ಮೇಲೆ ಉದುರಿಸಿದರೆ ಸಾಕು, ಮಣ್ಣು ಮುಚ್ಚಬೇಕಿಲ್ಲ. ಅದು ಒಂದು ವರ್ಷದ ಗಿಡವಾದ್ದರಿಂದ ಬೀಜ ಉದುರುವವರೆಗೂ ಕೀಳದೆ ಬಿಟ್ಟರೆ ಮುಂದಿನ ಮಳೆಗೆ ತಾನಾಗಿಯೇ ಬರುತ್ತದೆ. ಬೇಲಿಯ ಬದಿಗೆ ಮುಳ್ಳು ಗೋರಂಟಿಯ ಕಡ್ಡಿಗಳನ್ನು ಮಳೆಗಾಲದಲ್ಲಿ ಊರಬಹುದು.

ಇನ್ನು ಗೌರಿ ಹೂವು. ಗಡ್ಡೆಯನ್ನು ದಯವಿಟ್ಟು ಅಗೆಯಬೇಡಿ. ಕವಲೊಡೆದ ಆ ಗಡ್ಡೆಯ ತುದಿಯಲ್ಲಿರುವ ಮೊಳಕೆಗಣ್ಣು ಬಹಳ ನಾಜೂಕು, ಗುದ್ದಲಿ ತಗುಲಿ ಅದು ಮುರಿದರೆ ಗಡ್ಡೆ ಚಿಗುರುವುದೇ ಇಲ್ಲ. ಹೀಗಾಗಿ ಗುಡ್ಡಕ್ಕೂ ಇಲ್ಲದೆ ಅಂಗಳಕ್ಕೂ ಇಲ್ಲದೆ ಹೋಗುತ್ತದೆ. ಔಷಧಿಗಾಗಿ ಗಡ್ಡೆ ಮತ್ತು ಬೀಜಗಳನ್ನು ಸಂಗ್ರಹಿಸುವವರ ಕಾಟ ಈ ಗಿಡಕ್ಕೆ ಮೊದಲೇ ಸಾಕಷ್ಟಿದೆ. ಕೃಷಿ ಮಾಡಿದವರಿಂದ ಗಡ್ಡೆ ಕೊಳ್ಳಿ, ಇಲ್ಲವೇ ಬಲಿತ ಕಾಯಿಯಿಂದ ಸ್ವಲ್ಪ ಬೀಜ ತೆಗೆದುಕೊಳ್ಳಿ. ಬೀಜದಿಂದ ಹೂ ಬರಲು ಮೂರು ನಾಲ್ಕು ಮಳೆಗಾಲ ಕಾಯಬೇಕಾಗುತ್ತದೆ. ಗಿಡದ ಎಲ್ಲ ಭಾಗಗಳಲ್ಲೂ ಕೊಲ್ಚಿಸಿನ್ ಎಂಬ ವಿಷವಿದ್ದು, ಗಡ್ಡೆಯನ್ನು ಗೆಣಸೆಂದು ತಿಂದವರ ಪ್ರಾಣ ಹೋಗಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಒಂದು ಗಿಡವನ್ನು ಗುಡ್ಡದಲ್ಲಿಯೇ ನೋಡಿ ಬರುವುದು ವಾಸಿ.

ಉತ್ತರ: ಲಿಂಗಸೂಗೂರಿನ ಎರೆಹೊಲ

ಬಂಡೆಗಲ್ಲು ಅಣ್ಣನವರು ಹೇಳಿದ್ದೆಲ್ಲ ಮಸಾರಿಗೆ ಸರಿ. ನಮ್ಮ ಎರೆಯ ಕಪ್ಪು ಮಣ್ಣಿನಲ್ಲಿ ಮಳೆಗಾಲಕ್ಕೆ ನೀರು ಹಿಡಿದು ವಿಷ್ಣುಕ್ರಾಂತಿಯಂತಹ ನೆಲಕ್ಕಂಟಿದ ಗಿಡಗಳು ಕೊಳೆಯುತ್ತವೆ, ಆದ್ದರಿಂದ ದಿಬ್ಬ ಮಾಡಿಯೇ ಬಿತ್ತಬೇಕು.

ಒಕ್ಕಲುತನ ಮಾಡುವವನಾಗಿ ಇನ್ನೊಂದು ಮಾತು. ನೀವು ಹೂವು ಎನ್ನುವ ತುಂಬೆಯನ್ನೂ ಉತ್ತರಾಣಿಯನ್ನೂ ನಾವು ಹೊಲದಲ್ಲಿ ಕಸವೆಂದು ಹರಗಿ ಹಾಕುತ್ತೇವೆ, ಹಾಕಲೇಬೇಕು. ಆದರೆ ಹೊಲ ಬೇರೆ, ಬದು ಬೇರೆ. ಮೊದಲು ಬದುವಿನ ಮೇಲೆ ಹುಲ್ಲೂ ಹೂವೂ ದನಗಳ ಮೇವಿಗಾಗಿ ಉಳಿಯುತ್ತಿದ್ದವು. ಈಗ ಕಳೆನಾಶಕದ ಕ್ಯಾನು ಹೆಗಲಿಗೇರಿದ ಮೇಲೆ ಬದುವನ್ನೂ ಬಿಡದೆ ಸುಡುತ್ತಿದ್ದಾರೆ. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ತುಂಬಲು ಜೇನ್ನೊಣ ಬೇಕು, ತೊಗರಿಯ ಹೂವಿಗೆ ಕಪ್ಪು ದುಂಬಿ ಬರುತ್ತದೆ. ಬೆಳೆ ಹೂ ಬಿಡುವ ಕೆಲವು ವಾರಗಳನ್ನು ಬಿಟ್ಟರೆ ಉಳಿದ ದಿನ ಆ ಹುಳುಗಳು ಏನು ತಿನ್ನಬೇಕೆಂದು ಯಾರೂ ಕೇಳುವುದಿಲ್ಲ. ನಾನು ಬದುವಿಗೆ ಔಷಧಿ ಹೊಡೆಸುವುದಿಲ್ಲ, ಸಂಕ್ರಾಂತಿ ಕಳೆದು ಬೀಜ ಉದುರಿದ ಮೇಲೆಯೇ ಕುಡುಗೋಲು ಹಾಕಿಸುತ್ತೇನೆ. ಬೀಜ ಬೇಕಾದವರು ಹೊಲದ ಒಡೆಯರನ್ನು ಕೇಳಿ ಇಂತಹ ಬದುಗಳಿಂದಲೇ ಆರಿಸಿಕೊಳ್ಳಲಿ, ಒಂದೇ ಗಿಡವನ್ನು ಬರಿದು ಮಾಡದಿರಲಿ. ದೀಪಾವಳಿಗೆ ಸಗಣಿಯ ಪಾಂಡವರಿಗೆ ಸಿಕ್ಕಿಸಲು ಉತ್ತರಾಣಿ ಕಡ್ಡಿಯೂ ನಮ್ಮಲ್ಲಿ ಬದುವಿನಿಂದಲೇ ಬರುತ್ತದೆ. ಬದು ಬೋಳಾದರೆ ಅದನ್ನೂ ಸಂತೆಯಲ್ಲಿ ಕೊಳ್ಳಬೇಕಾದೀತು.

ಉತ್ತರ: ಬಳ್ಳಾರಿಯ ನಿವೃತ್ತ ಉಪನ್ಯಾಸಕಿ

ಕಾನೂನಿನ ವಿಷಯವನ್ನು ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ, ಗಡ್ಡೆಗಳನ್ನು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ದರೋಜಿ ಕರಡಿಧಾಮದಂತಹ ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ದರೋಜಿಗೆ ಹೋದವರು ಕರಡಿಯನ್ನಷ್ಟೇ ನೋಡಿ ಬರುತ್ತಾರೆ, ಆದರೆ 1994ರಲ್ಲಿ ಅದನ್ನು ಅಭಯಾರಣ್ಯವೆಂದು ಘೋಷಿಸಿದ್ದರಿಂದ ಬಂಡೆಗಳ ನಡುವಿನ ಕುರುಚಲು ಗಿಡಗಳಿಗೂ ರಕ್ಷಣೆ ದೊರೆತಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮವೂ ಹಾಗೆಯೇ: ಬಯಲು ಮತ್ತು ಕುರುಚಲು ಉಳಿದಲ್ಲಿ ಮಾತ್ರ ತೋಳ ಉಳಿಯುತ್ತದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಹಾನಿ. ಮರವಿಲ್ಲದ ಗೋಮಾಳವನ್ನು ಕಂಡ ಕೂಡಲೇ ಅದು ಪಾಳುಬಿದ್ದಿದೆ ಎಂದು ಭಾವಿಸಿ, ಜೆಸಿಬಿಯಿಂದ ಗುಂಡಿ ತೋಡಿ ಸಾಲಾಗಿ ಸಸಿ ನೆಡುವವರು, ಬಿಸಿಲು ಬೇಕಾದ ಹುಲ್ಲು ಮತ್ತು ಹೂಗಿಡಗಳ ಮೇಲೆ ನೆರಳು ಹೊದಿಸುತ್ತಾರೆ. ಗೋಮಾಳಕ್ಕೆ ಸಸಿಗಿಂತ ಮೊದಲು ಬೇಕಾಗಿರುವುದು ಬಳ್ಳಾರಿ ಜಾಲಿಯನ್ನು ತೆಗೆಯುವ ಕೆಲಸ. ನಮ್ಮೂರಿನ ಹೆಸರು ಹೊತ್ತ ಈ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಕುರಿ, ಮೇಕೆಗಳು ಅದರ ಸಿಹಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಮೇಲೆ ಕಡಿದರೆ ಬುಡದಿಂದ ಹತ್ತಾರು ಚಿಗುರು ಬರುತ್ತವೆಯಾದ್ದರಿಂದ, ನೆಲದೊಳಗಿನ ಬೇರುಬುಡವನ್ನು ಸಹಿತ ಅಗೆದು ತೆಗೆಯಬೇಕು. ಕಾಂಗ್ರೆಸ್ ಕಸವನ್ನು ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುನ್ನ, ಕೈಗವಸು ಹಾಕಿಕೊಂಡು ಕೀಳಬೇಕು. ಅದನ್ನು ತಿನ್ನುವ ಮೆಕ್ಸಿಕೊ ಮೂಲದ ಪಟ್ಟೆಪಟ್ಟೆಯ ಜೀರುಂಡೆಯನ್ನು 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಆ ಜೀರುಂಡೆ ನಿಮ್ಮ ನಿವೇಶನದಲ್ಲಿ ಕಂಡರೆ ಕೊಲ್ಲದಿರಿ.

ಪ್ರಶ್ನೆ: ಕೊಪ್ಪಳದ ಹೊಸಮನೆ

ಮೂವರಿಗೂ ಧನ್ಯವಾದಗಳು. ಪೊಟ್ಟಣವನ್ನೂ ಗಡ್ಡೆಯನ್ನೂ ಕೈಬಿಟ್ಟಿದ್ದೇನೆ. ಒಂದು ಚಿಂತೆ ಉಳಿದಿದೆ: ನಿವೇಶನದಲ್ಲಿ ಗಿಡ ಬೆಳೆದರೆ ಹಾವು ಬರುತ್ತವೆ, ಕಸ ತೆಗೆಸಿ ಎಂದು ನೆರೆಯವರು ಈಗಾಗಲೇ ಹೇಳತೊಡಗಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಗಂಗಾವತಿಯ ಬಂಡೆಗಲ್ಲು

ಅವರ ಮಾತನ್ನು ತಳ್ಳಿಹಾಕಬೇಡಿ. ನೆರೆಯವರ ಗೋಡೆಗೆ ಮತ್ತು ರಸ್ತೆಗೆ ಹೊಂದಿದಂತೆ ನಾಲ್ಕು ಅಡಿ ಅಗಲದ ಪಟ್ಟಿಯನ್ನು ಸದಾ ಬೋಳಾಗಿ ಇಟ್ಟು, ಅದರ ಒಳಅಂಚಿಗೆ ಒಂದು ಸಾಲು ಕಲ್ಲು ಜೋಡಿಸಿದರೆ, ಒಳಗಿರುವುದು ಯಾರೋ ಬೇಕೆಂದೇ ಬೆಳೆಸಿದ ಗಿಡಗಳೆಂದು ನೋಡಿದವರಿಗೆ ತಿಳಿಯುತ್ತದೆ. ಹಾವು ಬರುವುದು ಇಲಿಗಾಗಿ, ಇಲಿ ಬರುವುದು ಮುಸುರೆ ಮತ್ತು ಕಸದ ರಾಶಿಗಾಗಿ. ಅವೆರಡೂ ಅಲ್ಲಿ ಬೀಳದಂತೆ ನೋಡಿಕೊಳ್ಳಿ, ಕಟ್ಟಡದ ಇಟ್ಟಿಗೆ ರಾಶಿ ಉಳಿದಿದ್ದರೆ ತೆಗೆಸಿ. ಎತ್ತರದ ತಂಗಡಿಯನ್ನು ನಡುವೆ, ತುಂಬೆಯನ್ನು ಅದರ ಸುತ್ತ, ವಿಷ್ಣುಕ್ರಾಂತಿಯನ್ನು ಅಂಚಿಗೆ ಬಿತ್ತಿ. ವಿಷ್ಣುಕ್ರಾಂತಿಯ ನೀಲಿ ಹೂ ಮಧ್ಯಾಹ್ನದ ನಂತರ ಮುಚ್ಚಿಕೊಳ್ಳುವುದರಿಂದ, ನೆರೆಯವರಿಗೆ ತೋರಿಸುವುದಾದರೆ ಬೆಳಗಿನ ಹೊತ್ತಿನಲ್ಲಿಯೇ ಕರೆಯಿರಿ.