ಪೋಕೆಮಾನ್ ಕೊಡಿಸಲೋ ಬೇಡವೋ ಅಂತ ಕೇಳಿದವರಿಗೆ

ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರಲ್ಲ, ಮಗಳ ಹುಟ್ಟುಹಬ್ಬಕ್ಕೆ ಪೋಕೆಮಾನ್ ಸ್ಕಾರ್ಲೆಟ್ (ನಿಂಟೆಂಡೊ ಸ್ವಿಚ್‌ನಲ್ಲಿ ಆಡುವ, ಪೋಕೆಮಾನ್ ಅನ್ನೋ ಪ್ರಾಣಿಗಳನ್ನು ಹಿಡಿದು ಸಾಕುವ ವಿಡಿಯೋ ಗೇಮ್) ಕೊಡಿಸೋಣ ಅಂದರೆ ಎಲ್ಲಿ ನೋಡಿದರೂ ಬೈಗುಳವೇ ಇದೆ, ಏನು ಮಾಡಲಿ ಅಂತ. ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಅಭಿಮಾನಿ ಒಬ್ಬ ಇದ್ದಾನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೈಗುಳ ಸುಳ್ಳಲ್ಲ. 2022ರ ನವೆಂಬರ್‌ನಲ್ಲಿ ಸ್ಕಾರ್ಲೆಟ್, ಅದರ ಜೋಡಿ ಆಟ ವೈಲೆಟ್ ಬಂದಾಗ ಆಟ ತಡವರಿಸುತ್ತಿತ್ತು. ಪಾತ್ರಗಳು ನೆಲದೊಳಗೆ ಇಳಿದುಹೋಗುತ್ತಿದ್ದವು. ವಿಮರ್ಶಕರು ಅದಕ್ಕೇ ಅಂಕ ಕತ್ತರಿಸಿದರು. ಆದರೂ ಮೊದಲ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದವು! ನನ್ನ ಮಗನ ಆಟಗಾರ ಒಂದು ಸಲ ಗುಡ್ಡದೊಳಗೆ ಸಿಕ್ಕಿಹಾಕಿಕೊಂಡು ಬರೀ ತಲೆ ಕಾಣಿಸುತ್ತಿತ್ತು. ಅಳುತ್ತಾನೆ ಅಂದುಕೊಂಡೆ. "ಅಪ್ಪಾ ಬೇಗ ಬಾ, ಫೋಟೋ ತೆಗಿ" ಅಂತ ಬಿದ್ದು ಬಿದ್ದು ನಕ್ಕ.

ಹಾಗಂತ ಅಭಿಮಾನಿಗಳು ಏನು ಕೊಟ್ಟರೂ ನುಂಗುತ್ತಾರೆ ಅಂದುಕೊಳ್ಳಬೇಡಿ. 2019ರಲ್ಲಿ ಸೋರ್ಡ್, ಶೀಲ್ಡ್ ಅನ್ನೋ ಪೋಕೆಮಾನ್ ಗೇಮ್‌ಗಳು ಇನ್ನೂ ಅಂಗಡಿಗೆ ಬಂದಿರಲಿಲ್ಲ. ಹಳೆಯ ಪೋಕೆಮಾನ್‌ಗಳೆಲ್ಲ ಇದರೊಳಗೆ ಬರಲಾರವು ಅಂತ ಆಟದ ನಿರ್ಮಾಪಕ ಜುನಿಚಿ ಮಸುದಾ ಹೇಳಿದ್ದೇ ತಡ, ಗಲಾಟೆ ಶುರು. ಪೋಕೆಮಾನ್‌ಗಳ ಪಟ್ಟಿಗೆ ಪೋಕೆಡೆಕ್ಸ್ ಅನ್ನುತ್ತಾರೆ, ಅದಕ್ಕೇ ಬ್ರೆಕ್ಸಿಟ್ ಥರ 'ಡೆಕ್ಸಿಟ್' ಅಂತ ಹೆಸರೂ ಇಟ್ಟರು. ವಿಮರ್ಶಕರು ಮಾತ್ರ ಅದನ್ನು ಅಷ್ಟು ದೊಡ್ಡದು ಮಾಡಲಿಲ್ಲ, ಒಳ್ಳೆಯ ಅಂಕವನ್ನೇ ಕೊಟ್ಟರು. ಅವರಿಗೇನು, ಒಂದು ವಾರ ಆಡಿ ಬರೆದರೆ ಮುಗಿಯಿತು. ಹತ್ತು ವರ್ಷದಿಂದ ಒಂದು ಗೇಮಿನಿಂದ ಇನ್ನೊಂದಕ್ಕೆ ಸಾಗಿಸಿಕೊಂಡು ಬಂದ ಪ್ರಾಣಿಯನ್ನು ಹೊರಗೆ ಬಿಟ್ಟು ಬಾ ಅಂದರೆ ಸಿಟ್ಟು ಬರುತ್ತೆ ಅಲ್ವಾ? ಊರು ಬಿಟ್ಟು ವಿಮಾನ ಹತ್ತುವಾಗ 23 ಕೆಜಿ ಸೂಟ್‌ಕೇಸಿನ ಮುಂದೆ ಕೂತು ಯಾವುದನ್ನು ಬಿಡೋದು ಅಂತ ನಾವೂ ಒದ್ದಾಡಿದವರೇ.

ಪೋಕೆಮಾನ್ ಅನಿಮೆ, ಅಂದರೆ ಟಿವಿಯ ಜಪಾನಿ ಕಾರ್ಟೂನ್, ಅದರದೂ ಇದೇ ಕಥೆ. 1997ರಲ್ಲಿ ಶುರುವಾದದ್ದು, ಅದರ ನಾಯಕ ಆಶ್‌ಗೆ ಇಪ್ಪತ್ತೈದು ವರ್ಷವೂ ಹತ್ತೇ ವಯಸ್ಸು. ಅದೇ ಅದೇ ಕಥೆ ಅಂತ ಟೀಕೆ ಬರುತ್ತಲೇ ಇತ್ತು. 2022ರಲ್ಲಿ ಅವನು ಕೊನೆಗೂ ವಿಶ್ವ ಚಾಂಪಿಯನ್ ಆದ, ಮರುವರ್ಷ ಕಥೆಯಿಂದಲೇ ಹೋದ. ಬೆಂಗಳೂರಿನಲ್ಲಿ ಸ್ಕೂಲಿನಿಂದ ಬಂದು ಇದನ್ನೇ ನೋಡುತ್ತಿದ್ದ ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳು. ಮಗ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಆಶ್ ನಂತರ ಬಂದ ಹೊಸ ನಾಯಕರು ಲಿಕೊ, ರಾಯ್ ಇದ್ದರೆ ಸಾಕು.

ಇನ್ನು ಭಾಷೆಯ ವಿಷಯ, ಇಂಥ ಆಟದಿಂದ ಮಕ್ಕಳು ಕನ್ನಡ ಮರೆಯುತ್ತಾರಾ ಅನ್ನೋದು. ನಮ್ಮ ಮನೆಯಲ್ಲಂತೂ ಇದರಿಂದ ಕನ್ನಡ ಜಾಸ್ತಿಯೇ ಆಯಿತು. ಭಾನುವಾರ ಶಿಡ್ಲಘಟ್ಟದ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಪೋಕೆಮಾನ್ ಕಾರ್ಡ್ ಹಿಡಿದು ತೋರಿಸುತ್ತಾನೆ. ಕ್ಯಾಟರ್‌ಪೀ ಹುಳ, ಮೆಟಾಪಾಡ್ ಗೂಡು, ಬಟರ್‌ಫ್ರೀ ಚಿಟ್ಟೆ. ಅಜ್ಜಿ, ಅಂದರೆ ನನ್ನ ಅಮ್ಮ, ರೇಷ್ಮೆ ಹುಳು ಮೇಯಿಸಿದವರು. "ಇದು ನಮ್ಮ ರೇಷ್ಮೆ ಹುಳ ಕಣೋ, ಎಷ್ಟು ಜ್ವರ ಎದ್ದ ಮೇಲೆ ಗೂಡು ಕಟ್ಟುತ್ತೆ?" ಅಂದರು. ಜ್ವರ ಅಂದರೆ ಹುಳ ಪೊರೆ ಬಿಡೋದು ಅಂತ ಅವನಿಗೆ ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ಪೋಕೆಮಾನ್ ಹುಟ್ಟುಹಾಕಿದ ಸತೋಶಿ ತಾಜಿರಿಯೂ ಚಿಕ್ಕಂದಿನಲ್ಲಿ ಹುಳ ಹಿಡಿಯುತ್ತಿದ್ದವರಂತೆ, ಅದರಿಂದಲೇ ಹುಟ್ಟಿದ ಯೋಚನೆ.

ಹೋದ ವಾರ ಅಮ್ಮ ಕೇಳಿದರು, "ನಿನ್ನ ಹೊಸ ಆಟದಲ್ಲಿ ಆ ಹುಳ ತೋರಿಸು."

"ಸ್ಕಾರ್ಲೆಟ್‌ನಲ್ಲಿ ಅದು ಇಲ್ಲ ಅಜ್ಜಿ, ತೆಗೆದುಬಿಟ್ಟಿದ್ದಾರೆ."

"ಅಯ್ಯೋ, ಅದನ್ನು ಯಾಕೆ ತೆಗೆದರು? ಅದೇನು ಮಾಡಿತ್ತು ಅವರಿಗೆ?"

ಕೊಡಿಸಿ. ಇಬ್ಬರು ಮಕ್ಕಳಿದ್ದರೂ ಒಂದೇ ಪ್ರತಿ ಸಾಕು, ಸ್ವಿಚ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಪ್ರೊಫೈಲ್ ಮಾಡಿ. ವೈಲೆಟ್ ಕೂಡ ಬೇಕು ಅಂತ ಹಟ ಹಿಡಿದರೆ ಅದು ನಿಮ್ಮ ಪಾಡು.