ಪದಚರ್ಚೆ: ‘ಫ್ಯಾಟ್ ಸಾಲ್ಯುಬಲ್ ವಿಟಮಿನ್’ಗೆ ಬೋರ್ಡಿನ ಮ್ಯಾಲ ಏನ್ ಬರೀಬೇಕ್ರಿ?

ಕಲಬುರಗಿಯಿಂದ:

ಎಲ್ಲರಿಗೂ ಶರಣು ಶರಣಾರ್ಥಿ. ಒಂದು ಪದ ಬೇಕಾಗ್ಯದ, ಅದೂ ಜಲ್ದಿ. ಸೇಡಂ ಕಡಿ ಒಂದು ಹಳ್ಳಿ ದವಾಖಾನಿ ಗೋಡಿಗೆ ಫ್ಲೆಕ್ಸ್ ಮಾಡಿಸ್ಲಿಕತ್ತೀವಿ, ಮ್ಯಾಟರ್ ಇಂಗ್ಲಿಷ್‌ನಾಗ ಬಂದದ, ನಾಳೆ ಮುಂಜಾನಿ ಪ್ರಿಂಟಿಗೆ ಹೋಗ್ಬೇಕು. ಸದ್ಯಕ್ಕ ‘ಕೊಬ್ಬು ಕರಗುವ ಜೀವಸತ್ವಗಳು ಎ, ಡಿ, ಇ, ಕೆ ಮತ್ತು ಅಸ್ಥಿ ಆರೋಗ್ಯ’ ಅಂತ ಹಾಕೀನಿ, ‘ಅಬ್ಸಾರ್ಪ್ಶನ್’ಗೆ ‘ಹೀರುವಿಕೆ’. ನಡೀತದೇನ್ರಿ? ಹೆಡ್ಡಿಂಗಿಗೆ ಜಾಗ ಕಮ್ಮಿ ಅದ, ಉದ್ದ ಪದ ಬ್ಯಾಡ.

ಬೀದರಿನಿಂದ:

ಮೊದ್ಲು ‘ಅಸ್ಥಿ’ ತೆಗೀರಿ. ನಮ್ಮ ಕಡಿ ಅಸ್ಥಿ ಅಂದ್ರ ಸುಟ್ಟ ಮ್ಯಾಲ ಹೊಳಿಗಿ ಬಿಡೋದು. ದವಾಖಾನಿ ಬಾಗಲದಾಗ ಅದನ್ನ ಓದಿದ ಮುದುಕರು ಹೊರಗಿಂದ ಹೊರಗ ಮನಿಗಿ ಹೋಗ್ತಾರ. ಎಲುಬು ಅನ್ರಿ. ಮೂಳೆ ತಿಳೀತದ ಆದ್ರ ಯಾರ ಬಾಯಾಗೂ ಇಲ್ಲ.

ಸುರಪುರದಿಂದ, ನಿವೃತ್ತ ಕನ್ನಡ ಮಾಸ್ತರ್:

ಎಲುಬು ಸರಿ. ಆದರೆ ‘ಕೊಬ್ಬು’ ಯಾಕೆ ಬೇಕು? ನಮ್ಮಲ್ಲಿ ಕೊಬ್ಬು ಅಂದರೆ ಸೊಕ್ಕು, ‘ಮಗನಿಗೆ ಕೊಬ್ಬು ಬಂದದ’ ಅಂತಾರೆ. ಹಳಗನ್ನಡದಲ್ಲಿ ‘ನೆಣ’ ಅಂತ ಬಂಗಾರದಂಥ ಪದ ಇದೆ, ತಮಿಳಿನ ‘ನಿಣಂ’ ಅದರ ಒಡಹುಟ್ಟು, ಅಂದಮೇಲೆ ಎಷ್ಟು ಹಳೇದು ಅಂತ ನೀವೇ ಲೆಕ್ಕ ಹಾಕಿ. ‘ನೆಣಗರಗ’ ಅಂದರೆ ಒಂದೇ ಪದದಲ್ಲಿ ಮುಗೀತು, ಜಾಗವೂ ಉಳೀತು. ಇನ್ನು ‘ಕೊಬ್ಬು ಕರಗುವ ಜೀವಸತ್ವ’ದಲ್ಲಿ ಕನ್ನಡದ ಬಾಲಕ್ಕೆ ಸಂಸ್ಕೃತದ ತಲೆ ಕಟ್ಟಿದ್ದೀರಿ, ಅರಿಸಮಾಸ. ಸುದ್ದಗನ್ನಡದೊಳಗೆ ಸಕ್ಕದ (ಸಂಸ್ಕೃತ) ತಂದಿಕ್ಕೋದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಅಂತ ಕವಿ ನಯಸೇನ 12ನೇ ಶತಮಾನದಲ್ಲೇ ಹೇಳಿ ಹೋಗಿದ್ದಾನೆ.

ಬೀದರಿನಿಂದ:

‘ಕರಗುವ’ ಕೃದಂತ, ಅದು ಗಮಕ ಸಮಾಸ. ಗಮಕದಾಗ ಅರಿಸಮಾಸ ದೋಷ ಹಿಡಿಯಂಗಿಲ್ಲ ಮಾಸ್ತರೆ, ನೀವೇ ಕಲಿಸಿದ್ದು ಇರ್ಬೇಕು. ನೆಣಗರಗ ಅಂದ್ರ ಹೊಸ ನಮೂನಿ ಗರಗಸ ಅಂತ ತಿಳ್ಕೋತಾರ.

ಕಲಬುರಗಿಯಿಂದ, ಡಾಕ್ಟರ್:

ನೆಣನೂ ಬ್ಯಾಡ ಗಮಕನೂ ಬ್ಯಾಡ, ಮೊದ್ಲು ಅರ್ಥ ನೋಡ್ರಿ. ‘ಕೊಬ್ಬು ಕರಗುವ ವಿಟಮಿನ್’ ಅಂತ ಬರೆದ್ರ ಓದಿದವರು ಅದನ್ನ ಹೊಟ್ಟಿ ಬೊಜ್ಜು ಕರಗಸೋ ಗುಳಿಗಿ ಅಂತನೇ ತಿಳ್ಕೊಂಡು ಮರುದಿನ ಓಪಿಡಿಗೆ ಬಂದು ಬರಕೊಡ್ರಿ ಅಂತ ಕೂಡ್ತಾರ. ಇಲ್ಲಿ ಕರಗೋದು ವಿಟಮಿನ್, ಕೊಬ್ಬಲ್ಲ. ‘ಕೊಬ್ಬಿನಲ್ಲಿ’ ಅನ್ನೋ ಆ ಸಪ್ತಮಿ ವಿಭಕ್ತಿ ಜಾಗ ಇಲ್ಲಂತ ಬಿಟ್ರ ಅರ್ಥ ಪೂರಾ ಉಲ್ಟಾ.

ಊಟದಾಗ ಒಂಚೂರು ಎಣ್ಣಿನೋ ತುಪ್ಪನೋ ಇದ್ರ ಪಿತ್ತರಸ ಬಂದು ಆ ಜಿಡ್ಡನ್ನ ಸಣ್ಣ ಸಣ್ಣ ಹನಿ ಮಾಡ್ತದ, ಈ ವಿಟಮಿನ್ ಅದರೊಳಗ ಸೇರ್ಕೊಂಡು ಸಣ್ಣಕರುಳಿನ ಗೋಡಿ ದಾಟ್ತಾವ, ಅಲ್ಲಿಂದ ಸೀದಾ ರಕ್ತಕ್ಕ ಹೋಗಂಗಿಲ್ಲ, ದುಗ್ಧರಸದ (ಲಿಂಫ್) ನಾಳದಾಗ ಹಾದು ಆಮ್ಯಾಲ ರಕ್ತ ಸೇರ್ತಾವ. ಸಿ ವಿಟಮಿನ್ ಹೆಚ್ಚಾದ್ರ ಮೂತ್ರದಾಗ ಹೋಗ್ತದ, ಇವು ಹಂಗ ಹೋಗಂಗಿಲ್ಲ, ಎ ಲಿವರಿನಾಗ ಕೂಡ್ತದ, ಡಿ ಮತ್ತ ಇ ಮೈಯಾಗಿನ ಕೊಬ್ಬಿನಾಗ. ಅದಕ್ಕ ವಾರಕ್ಕೊಂದು ಅಂತ ಬರಕೊಟ್ಟ 60,000 ಯೂನಿಟ್ಟಿನ ಡಿ ಪೌಡರನ್ನ ದಿನಾ ತಗೊಂಡ್ರ ರಕ್ತದಾಗ ಕ್ಯಾಲ್ಸಿಯಂ ಏರಿ ಕಿಡ್ನಿಗಿ ಬರ್ತದ. ಇದು ಫ್ಲೆಕ್ಸಿನಾಗ ಇರ್ಲೇಬೇಕು, ನೆಣ ಇರ್ಲಿ ಬಿಡ್ಲಿ.

ಎಲುಬಿನ ಮಾತು ಅಂದ್ರ ಮುಖ್ಯ ಡಿ ಮತ್ತ ಕೆ. ಡಿ ಬಿಸಿಲಿಗೆ ಚರ್ಮದಾಗ ತಯಾರಾಗಿ ಲಿವರಿನಾಗ ಒಮ್ಮೆ ಕಿಡ್ನಿಯಾಗ ಒಮ್ಮೆ ರೂಪ ಬದಲಿಸಿದ ಮ್ಯಾಲೇ ಕೆಲಸಕ್ಕ ಬರೋದು, ಆಗ ಕರುಳು ಕ್ಯಾಲ್ಸಿಯಂ ಎಳ್ಕೋತದ. ಕಲಬುರಗಿ ಬಿಸಿಲಿನಾಗೂ ಡಿ ಕಮ್ಮಿ ಇರೋರು ಬೇಕಾದಷ್ಟು ಅದಾರ, ಯಾಕಂದ್ರ ಕಿಟಕಿ ಗಾಜು ಹಾದು ಬಂದ ಬಿಸಿಲಿಗೆ ಡಿ ಆಗಂಗಿಲ್ಲ, ಹೊರಗ ಹೋದ್ರ ಮೈ ತುಂಬ ಬಟ್ಟಿ. ಕೆ ಇಲ್ಲಂದ್ರ ಆಸ್ಟಿಯೋಕ್ಯಾಲ್ಸಿನ್ ಅನ್ನೋ ಎಲುಬಿನ ಪ್ರೋಟೀನಿಗೆ ಕ್ಯಾಲ್ಸಿಯಂ ಹಿಡಿಯೋ ತಾಕತ್ತು ಬರಂಗಿಲ್ಲ. ರಕ್ತ ತೆಳುವಾಗ್ಲಿ ಅಂತ ವಾರ್ಫರಿನ್ ತಗೋಳೋರು ಮಾತ್ರ ಕೆ ಹೆಚ್ಚು ಕಮ್ಮಿ ಮಾಡೋ ಮೊದ್ಲು ಡಾಕ್ಟರನ್ನ ಕೇಳ್ಬೇಕು. ಎ ಬೇಕು ಖರೇ, ಅತಿ ಆದ್ರ ಎಲುಬೇ ಸೊರಗ್ತದ. ಇ ಎಲುಬಿಗೆ ಮಾಡೋ ಉಪಕಾರ ಪಕ್ಕಾ ಆಗಿಲ್ಲ, ಎಲುಬಿನ ಸಾಲಿನಾಗ ಅದನ್ನ ಹಾಕ್ಬ್ಯಾಡ್ರಿ.

ಯಾದಗಿರಿಯಿಂದ:

ಡಾಕ್ಟರ್ ಸಾಹೇಬ್ರು ಹೇಳಿದ್ದು ಬರೋಬ್ಬರಿ ಅದ. ಆದ್ರ ‘ಹೀರುವಿಕೆ’ ಯಾಕ್ರಿ? ನಾನು ತಾಯಂದಿರ ಮೀಟಿಂಗಿನಾಗ ‘ಹೀರಿಕೊಳ್ಳುತ್ತದೆ’ ಅಂದ್ರ ಯಾರೂ ತಲಿ ಎತ್ತಂಗಿಲ್ಲ, ಅದೇ ‘ತಿಂದದ್ದು ಮೈಗೆ ಹತ್ತಬೇಕಲ್ಲ ಅಕ್ಕಾ’ ಅಂದ್ರ ಎಲ್ಲರೂ ಹೂಂ ಅಂತಾರ. ನಮ್ಮ ಮಂದಿಗಿ ಅಬ್ಸಾರ್ಪ್ಶನ್ ಅಂದ್ರ ಮೈಗೆ ಹತ್ತೋದು, ಪದ ಮನ್ಯಾಗೇ ಅದ. ಪಾಲಕ ಮೆಂತ್ಯ ಬರೀ ನೀರಾಗ ಕುದಿಸಿ ತಿನ್ನಬ್ಯಾಡ್ರಿ, ಒಗ್ಗರಣಿ ಹಾಕ್ರಿ, ರೊಟ್ಟಿ ಜೋಡಿ ಶೇಂಗಾ ಹಿಂಡಿ (ಚಟ್ನಿಪುಡಿ) ಇರ್ಲಿ ಅಂದ್ರ ಆಯ್ತು, ಅದೇ ಫ್ಯಾಟ್ ಸಾಲ್ಯುಬಲ್.

ಸುರಪುರದಿಂದ:

‘ಮೈಗೆ ಹತ್ತು’ ಒಪ್ಪಿದೆ, ಚೆನ್ನಾಗಿದೆ. ಆದರೆ ‘ವಿಟಮಿನ್’ ಒಪ್ಪಲ್ಲ. ನಾವು ಪಾಠ ಮಾಡುವಾಗ ‘ಅನ್ನಾಂಗ’ ಅಂತಿತ್ತು, ಯಾರಿಗೂ ತೊಂದರೆ ಆಗಿರಲಿಲ್ಲ. ಎರವಲಿಗೆ ಬಾಗಿಲು ತೆಗೆದರೆ ನಾಳೆ ಎಲುಬೂ ಹೋಗಿ ‘ಬೋನ್’ ಬರುತ್ತೆ.

ಬೀದರಿನಿಂದ:

ಅನ್ನಾಂಗ ಏನು ಅಚ್ಚಗನ್ನಡ ಏನ್ರಿ? ಅನ್ನ, ಅಂಗ ಎರಡೂ ಸಂಸ್ಕೃತ. ಸಂಸ್ಕೃತದಿಂದ ತಂದ್ರ ಸ್ವಂತದ್ದು, ಇಂಗ್ಲಿಷಿಂದ ತಂದ್ರ ಎರವಲು, ಉರ್ದು ಇಂದ ತಂದ್ರ ಪಾಪ. ನಮ್ಮ ಕಡಿ 1948ರ ತನಕ ನಿಜಾಮರ ಕಚೇರಿ ಭಾಷೆ ಉರ್ದು ಇತ್ತು, ದವಾಖಾನಿ, ತಾಕತ್ತು, ಜಲ್ದಿ ಎಲ್ಲ ಹಂಗೇ ಬಂದು ಮನಿ ಮಾತು ಆಗ್ಯಾವ, ಅವನ್ನ ತೆಗದ್ರ ನಮ್ಮ ಅವ್ವಗ ಮಾತೇ ಉಳಿಯಂಗಿಲ್ಲ. ಆ ‘ವಿಟಮಿನ್’ ತವರಿನಾಗೇ ತಪ್ಪು ಪದ, ಗೊತ್ತಿರ್ಲಿ. 1912ರಾಗ ಫಂಕ್ ಅನ್ನೋ ವಿಜ್ಞಾನಿ ವೀಟಾ ಅಂದ್ರ ಜೀವ, ಅದಕ್ಕ ಅಮೈನ್ (ಸಾರಜನಕ ಇರೋ ಒಂದು ನಮೂನಿ ರಾಸಾಯನಿಕ) ಸೇರಿಸಿ ‘ವಿಟಮೈನ್’ ಅಂತ ಕಟ್ಟಿದ್ರು, ಎಲ್ಲವೂ ಅಮೈನ್ ಅಲ್ಲಂತ ಆಮ್ಯಾಲ ಗೊತ್ತಾಗಿ 1920ರಾಗ ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೀ ಅಕ್ಷರ ಕಿತ್ತು ಒಗದ್ರು. ಈ ಎ, ಡಿ, ಇ, ಕೆ ನಾಕರಾಗ ಒಂದೂ ಅಮೈನ್ ಅಲ್ಲ. ಹಂಗಿದ್ದೂ ಜಗತ್ತೆಲ್ಲ ನಡೀತು. ಕೆ ಅನ್ನೋದು ಡೆನ್ಮಾರ್ಕಿನ ಡ್ಯಾಮ್ ಅನ್ನೋ ವಿಜ್ಞಾನಿ ರಕ್ತ ಹೆಪ್ಪುಗಟ್ಟೋದಕ್ಕಿರೋ ‘ಕೋಆಗುಲೇಷನ್’ (ಅವರ ಕಡಿ ಸ್ಪೆಲ್ಲಿಂಗ್ ‘ಕೆ’ ಇಂದ ಶುರು) ಅನ್ನೋ ಪದದ ಮೊದಲ ಅಕ್ಷರದಿಂದ ಇಟ್ಟಿದ್ದು, ಅದಕ್ಕ ‘ಹೆ ಅನ್ನಾಂಗ’ ಅಂತೀರೇನು?

ಕಲಬುರಗಿಯಿಂದ, ಡಾಕ್ಟರ್:

ಮತ್ತ ತುಪ್ಪ ಎಣ್ಣಿ ಚಲೋತ್ನಾಗೇ ಬೆರಿತಾವ ಮಾಸ್ತರೆ. ಈ ವಿಟಮಿನ್ ಎರಡರಾಗೂ ಕರಗ್ತಾವ.

ಸುರಪುರದಿಂದ:

ನಯಸೇನ ಅಡುಗೆ ಹೇಳಿದ್ದಲ್ಲ, ರುಚಿ ಹೇಳಿದ್ದು. ಕಾವ್ಯ ಓದದವರ ಜೊತೆ ವಾದ ಬೇಡ.

ಕಲಬುರಗಿಯಿಂದ, ಕೇಳಿದವರು:

ಎಲ್ಲರಿಗೂ ಉಪಕಾರ ಆತ್ರಿ. ಪ್ರೆಸ್ಸಿನವ ಫೋನ್ ಮ್ಯಾಲ ಫೋನ್ ಹಚ್ಚಲಿಕತ್ತಾನ. ಹೆಡ್ಡಿಂಗ್ ‘ಎಣ್ಣೆ-ತುಪ್ಪದ ಜೋಡಿ ಮೈಗೆ ಹತ್ತುವ ವಿಟಮಿನ್‌ಗಳು’, ಅದರ ಕೆಳಗ ಸಣ್ಣ ಅಕ್ಷರದಾಗ ‘ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ’, ಆಮ್ಯಾಲ ‘ಎಲುಬಿಗೆ ಡಿ ಮತ್ತು ಕೆ’ ಅಂತ ಬ್ಯಾರೆ ಡಬ್ಬಿ, ಕೆಂಪು ಅಕ್ಷರದಾಗ ವಾರದ ಪೌಡರ್ ದಿನಾ ತಗೋಬ್ಯಾಡ್ರಿ ಅನ್ನೋದು, ವಾರ್ಫರಿನ್ ಮಾತೂ ಅಲ್ಲೇ. ಇಷ್ಟು ಕಳಿಸ್ಲಿಕತ್ತೀನಿ.

ಸುರಪುರದಿಂದ:

‘ಜೋಡಿ’ ಬೇಡ, ‘ಕೂಡ’ ಅನ್ನಿ. ‘ತುಪ್ಪದ ಕೂಡ’. ಇದನ್ನು ಪ್ರತ್ಯೇಕ ಚರ್ಚೆಗೆ ಹಾಕುತ್ತಿದ್ದೇನೆ.